ದೋಣಿ ತಗೋಬೇಡ ಮಗಾ

ಕಳೆದ ಶನಿವಾರ ರಾತ್ರಿ ನಮ್ಮ ಕಾಲೇಜು ಗ್ರೂಪಿಗೆ ಒಂದು ಫೋಟೊ ಬಂತು. ಬಿಳಿ ಫೈಬರ್ ದೋಣಿ, ಹಿಂದೆ ಕಪ್ಪು ಎಂಜಿನ್, ಕೆಳಗೆ ಟ್ರೈಲರ್. ಜೊತೆಗೆ ಗೆಳೆಯನ ಮೆಸೇಜು: ‘ಸೆಕೆಂಡ್ ಹ್ಯಾಂಡ್, ಸೂಪರ್ ಕಂಡೀಷನ್. ನಾಲ್ಕು ಜನ ಸೇರಿದ್ರೆ ಆರಾಮಾಗಿ ಆಗುತ್ತೆ. ಹರಿಹರದ ಹೊಳೇಲಿ ಬಿಡೋಣ. ಏನಂತೀರಾ?’

ಐದು ನಿಮಿಷದಲ್ಲಿ ಇಪ್ಪತ್ತು ಉತ್ತರ. ಒಬ್ಬ ಬೆಂಕಿ ಎಮೋಜಿ ಹಾಕಿದ. ಇನ್ನೊಬ್ಬ ದೋಣಿಗೆ ಹೆಸರು ಹುಡುಕೋಕೆ ಶುರು ಮಾಡಿದ. ಮತ್ತೊಬ್ಬ ಇಎಂಐ ಲೆಕ್ಕ ಹಾಕಿ ಸ್ಕ್ರೀನ್‌ಶಾಟ್ ಕಳಿಸಿದ. ದೋಣಿ ನಿಲ್ಲಿಸೋದು ಎಲ್ಲಿ, ನೀರಿಗೆ ಇಳಿಸೋದು ಹೇಗೆ, ಹೊಳೇಲಿ ದೋಣಿ ಓಡೋವಷ್ಟು ನೀರು ಎಷ್ಟು ದಿನ ಇರುತ್ತೆ ಅಂತ ಒಬ್ಬನೂ ಕೇಳಲಿಲ್ಲ.

ನನ್ನ ಉತ್ತರ ವಾಟ್ಸಾಪ್‌ಗೆ ಹಿಡಿಸೋದಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ. ಸಾರಾಂಶ ಮೊದಲೇ ಹೇಳಿಬಿಡ್ತೀನಿ: ತಗೋಬೇಡ ಮಗಾ. ದೋಣಿಯಿಂದ ಹೊಟ್ಟೆ ಹೊರೆಯೋರು ದೋಣಿ ಇಟ್ಕೊಳ್ಳಲಿ. ನಮ್ಮಂಥೋರು ಅವರಿಗೆ ಬಾಡಿಗೆ ಕೊಟ್ಟು ಹತ್ತಿ ಇಳಿಯೋದೇ ಸರಿ.

ಇದನ್ನ ಹೇಳೋ ಅರ್ಹತೆ ನನಗಿದೆ, ಯಾಕಂದ್ರೆ ನಾನೂ ದೋಣಿ ಮಾಲೀಕನಾಗಿದ್ದೋನು. 2021ರಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಬೆಂಗಳೂರು ಬಿಟ್ಟು ದಾವಣಗೆರೆಗೆ ಬಂದಿದ್ದಾಗ ಆನ್‌ಲೈನ್‌ನಲ್ಲಿ ಗಾಳಿ ತುಂಬೋ ದೋಣಿ ತರಿಸಿದೆ. ಚಿಕ್ಕಪ್ಪನ ಮಗನದು ಅರ್ಧ ದುಡ್ಡು, ನನ್ನದು ಅರ್ಧ. ನೀರಿಗೆ ಇಳಿಸಿದ್ದು ಮೂರೇ ಸಲ. ಮೊದಲ ಸಲ ಗಾಳಿ ತುಂಬೋದ್ರಲ್ಲೇ ಮುಕ್ಕಾಲು ಗಂಟೆ ಹೋಯ್ತು. ಎರಡನೇ ಸಲ, ಸುಳ್ಳು ಹೇಳಲ್ಲ, ತುಂಬಾ ಚೆನ್ನಾಗಿತ್ತು. ಸಂಜೆ ಬಿಸಿಲು, ಸೇತುವೆ ಮೇಲೆ ಹುಬ್ಬಳ್ಳಿ ಕಡೆ ಹೋಗೋ ರೈಲು, ಕೈಗೆ ತಣ್ಣಗೆ ನೀರು. ಮೂರನೇ ಸಲ ದಡಕ್ಕೆ ಎಳೆಯುವಾಗ ಜಾಲಿ ಮುಳ್ಳು ಚುಚ್ಚಿತು. ಪ್ಯಾಚ್ ಹಾಕಿಸೋಕೆ ಒಂಬೈನೂರು ರೂಪಾಯಿ ಆಯ್ತು. ‘ಎಳೆದೋನು ನೀನು, ನೀನೇ ಕೊಡು’ ಅಂತ ಅವನು. ‘ಅಲ್ಲಿಗೆ ಕರ್ಕೊಂಡು ಹೋಗಿದ್ದು ನೀನು’ ಅಂತ ನಾನು. ಹೀಗೆ ಒಂಬೈನೂರು ರೂಪಾಯಿಗೆ ಎರಡು ವರ್ಷ ಮಾತು ಬಿಟ್ವಿ. ಅವನ ಮದುವೆಗೆ ಹೋಗಿ, ಊಟ ಮಾಡಿ, ಫೋಟೊಗೂ ನಿಲ್ಲದೆ ವಾಪಸ್ ಬಂದೆ. ದೋಣಿ ಈಗಲೂ ನಮ್ಮನೆ ಅಟ್ಟದ ಮೇಲಿದೆ. ಪ್ರತಿ ಯುಗಾದಿಗೆ ಅಮ್ಮ ಅದರ ಧೂಳು ಹೊಡೆದು ನನ್ನ ಮುಖ ನೋಡ್ತಾರೆ.

ಅದು ಸಣ್ಣ ದೋಣಿ, ಸಣ್ಣ ಮೊತ್ತ. ಈಗ ನೀವು ಕಳಿಸಿರೋದು ದೊಡ್ಡದು. ಸ್ವಲ್ಪ ಲೆಕ್ಕ ಹಾಕೋಣ.

ದೋಣಿ, ಎಂಜಿನ್, ಟ್ರೈಲರ್ ಎಲ್ಲಾ ಸೇರಿ ಐದು ಲಕ್ಷ ಅಂತ ಇಟ್ಕೊಳ್ಳಿ. ಶೇಕಡಾ 12ರ ಬಡ್ಡಿಗೆ ಐದು ವರ್ಷದ ಸಾಲ ಮಾಡಿದ್ರೆ ತಿಂಗಳಿಗೆ 11,122 ರೂಪಾಯಿ ಕಂತು. ವರ್ಷಕ್ಕೆ 1,33,464. ಐದು ವರ್ಷಕ್ಕೆ ಬಡ್ಡಿಯೇ 1,67,000 ದಾಟುತ್ತೆ. ಗ್ರೂಪಿನಲ್ಲಿ ಬಂದ ಸ್ಕ್ರೀನ್‌ಶಾಟ್ ಇಲ್ಲಿಗೆ ಮುಗಿದಿತ್ತು. ಖರ್ಚು ಇಲ್ಲಿಂದ ಶುರು.

ಹೊರದೇಶಗಳಲ್ಲಿ ದೋಣಿ ಕೊಳ್ಳೋರಿಗೆ ಹೇಳೋ ರೂಢಿಯ ಮಾತೊಂದಿದೆ: ಬೆಲೆಯ ಹತ್ತನೇ ಒಂದು ಭಾಗ ಪ್ರತಿ ವರ್ಷ ನಿರ್ವಹಣೆಗೆ ಎತ್ತಿಡಿ. ಅಂದ್ರೆ ನಮಗೆ 50,000. ಗೇರ್ ಆಯಿಲ್, ಪ್ಲಗ್, ನೀರು ತಳ್ಳೋ ಪಂಪಿನ ಇಂಪೆಲ್ಲರ್, ಬ್ಯಾಟರಿ, ಫೈಬರ್ ಬಿರುಕಿಗೆ ಪ್ಯಾಚು. ನಿಲ್ಲಿಸೋ ಜಾಗಕ್ಕೆ ತಿಂಗಳಿಗೆ ಎರಡು ಸಾವಿರ ಅಂದ್ರೂ ವರ್ಷಕ್ಕೆ 24,000. ಎಂಸಿಸಿ ಬಿ ಬ್ಲಾಕಿನ ಮನೆ ಮುಂದೆ ಕಾರಿಗೇ ಜಾಗ ಇಲ್ಲ, ಪಕ್ಕದ ಮನೆ ಅಂಕಲ್ ದೋಣಿ ನಿಲ್ಲಿಸೋಕೆ ಬಿಡ್ತಾರಾ? ಒಟ್ಟು 2,07,464. ಪೆಟ್ರೋಲ್, ವಿಮೆ ಇನ್ನೂ ಸೇರಿಲ್ಲ. 40 ಹಾರ್ಸ್‌ಪವರ್ ಎಂಜಿನ್ ಪೂರ್ತಿ ವೇಗದಲ್ಲಿ ಓಡಿದ್ರೆ ಗಂಟೆಗೆ ಸುಮಾರು 15 ಲೀಟರ್ ಕುಡಿಯುತ್ತೆ. ಬೈಕಿನ ಮೈಲೇಜ್ ಬಗ್ಗೆ ಜಗಳ ಆಡೋ ಜನ ನಾವು.

ಸೆಕೆಂಡ್ ಹ್ಯಾಂಡ್ ಬೇಡ, ಹೊಸದೇ ತಗೊಳ್ಳೋಣ ಅಂದ್ರೆ ಜಿಎಸ್‌ಟಿ ನೋಡಿ. ಮೋಜಿನ ದೋಣಿ 2017ರಿಂದಲೇ ಶೇಕಡಾ 28ರ ಪಟ್ಟಿಯಲ್ಲಿತ್ತು, 2025ರ ಸೆಪ್ಟೆಂಬರ್‌ನಿಂದ ಶೇಕಡಾ 40. ಮೀನು ಹಿಡಿಯೋ ದೋಣಿಗೆ ಶೇಕಡಾ 5. ದುಡಿಯೋ ದೋಣಿ ಯಾವುದು, ಮಲಗೋ ದೋಣಿ ಯಾವುದು ಅಂತ ತೆರಿಗೆಯವರಿಗೂ ಗೊತ್ತು. ಮೇಲೆ ಕಾಗದಪತ್ರದ ಕೆಲಸ. 2021ರ ಒಳನಾಡು ಹಡಗುಗಳ ಕಾಯ್ದೆ ಪ್ರಕಾರ ಎಂಜಿನ್ ಇರೋ ದೋಣಿಗೆ ಸರ್ವೆ ಆಗಬೇಕು, ನೋಂದಣಿ ಆಗಬೇಕು, ವಿಮೆ ಇರಬೇಕು. ಟ್ರೈಲರ್‌ಗೆ ಆರ್‌ಟಿಓ ಕೆಲಸ ಬೇರೆ.

ಇಷ್ಟೆಲ್ಲಾ ಮಾಡಿದ ಮೇಲೆ ಎಷ್ಟು ದಿನ ದೋಣಿ ಓಡಿಸ್ತೀರಿ?

ತುಂಗಭದ್ರೆ ಅಂದ್ರೆ ಈಜುಕೊಳ ಅಲ್ಲ. ಮಳೆಗಾಲದಲ್ಲಿ ಗಾಜನೂರಿನಲ್ಲಿ ತುಂಗೆಯ ಗೇಟು, ಲಕ್ಕವಳ್ಳಿಯಲ್ಲಿ ಭದ್ರೆಯ ಗೇಟು ಎತ್ತಿದ್ರೆ ಕೂಡ್ಲಿಯಲ್ಲಿ ಎರಡೂ ಸೇರಿ ಹರಿಹರಕ್ಕೆ ಬರೋ ಹೊತ್ತಿಗೆ ಹೊಳೆ ದಡ ಮೀರಿರುತ್ತೆ. ಆಗ ಇಳಿಯೋ ಮಾತೇ ಇಲ್ಲ. ಬೇಸಿಗೆಯಲ್ಲಿ ಬಂಡೆ, ಮರಳು, ಮರಳು ತೆಗೆದ ಗುಂಡಿ. ಎಂಜಿನ್ನಿನ ಪ್ರೊಪೆಲ್ಲರ್ ತಿರುಗೋಕೆ ಆಳ ಬೇಕಲ್ಲ. ಉಳಿಯೋದು ಮಳೆ ನಿಂತ ಮೇಲಿನ ಕೆಲವು ತಿಂಗಳು. ಅದ್ರಲ್ಲಿ ದೀಪಾವಳಿ, ಮದುವೆ ಸೀಸನ್, ಆಫೀಸಿನ ರಿಲೀಸು, ಮಕ್ಕಳ ಪರೀಕ್ಷೆ. ನಾಲ್ಕೂ ಜನ ಒಟ್ಟಿಗೆ ಬಿಡುವಾಗೋ ಭಾನುವಾರ ವರ್ಷಕ್ಕೆ ಹತ್ತು ಸಿಕ್ಕರೆ ಪುಣ್ಯ. 2,07,464 ಭಾಗಿಸು ಹತ್ತು. ಒಂದು ಸಲ ಹೊಳೆಗಿಳಿದ್ರೆ 20,746 ರೂಪಾಯಿ. ತಲೆಗೆ ಐದು ಸಾವಿರದ ಮೇಲೆ. ಆ ದುಡ್ಡಿಗೆ ಕಾರು ಬಾಡಿಗೆಗೆ ತಗೊಂಡು ಗೋಕರ್ಣಕ್ಕೆ ಹೋಗಿ ಸಮುದ್ರವನ್ನೇ ನೋಡ್ಕೊಂಡು ಬರಬಹುದು.

ಉಳಿದ 355 ದಿನ ದೋಣಿ ಏನು ಮಾಡುತ್ತೆ? ಕೊಳೆಯುತ್ತೆ. ನಮ್ಮಪ್ಪ ಹರಿಹರದ ಕಿರ್ಲೋಸ್ಕರ್‌ನಲ್ಲಿ ಟರ್ನರ್ ಆಗಿದ್ದೋರು. 1941ರಲ್ಲಿ ಶುರುವಾದ ಆ ಕಾರ್ಖಾನೆಯ ಲೇತ್‌ಗಳು ದೇಶದ ತುಂಬಾ ಹೋಗಿದ್ದವು. ಈ ದೋಣಿ ಫೋಟೊ ತೋರಿಸಿದಾಗ ಕನ್ನಡಕ ಏರಿಸಿ ಎಂಜಿನ್ ಮಾತ್ರ ನೋಡಿದ್ರು. ‘ಓಡೋ ಮಷಿನ್ ಸವೀತದೆ, ನಿಂತ ಮಷಿನ್ ಕೊಳೀತದೆ. ಸವೆದಿದ್ದಕ್ಕೆ ನಾಲ್ಕು ಕಾಸಾದ್ರೂ ಬಂದಿರ್ತದೆ’ ಅಂದ್ರು. ಅದು ನಿಜ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಹಳೇದಾದ್ರೆ ಅಂಟಾಗಿ ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತೆ. ಈ ಎಂಜಿನ್‌ಗಳನ್ನ ದಿನಾ ಬಿಚ್ಚಿ ಕಟ್ಟೋ ಕೈಗಳಿರೋದು ಮಲ್ಪೆ, ಮಂಗಳೂರಲ್ಲಿ. ಅಲ್ಲಿನ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರೋದು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಆ ದಿನಗಳಲ್ಲೂ ಅವರು ಸುಮ್ಮನೆ ಕೂರಲ್ಲ, ಬಲೆ ಹೆಣೀತಾರೆ, ದೋಣಿ ರಿಪೇರಿ ಮಾಡ್ತಾರೆ. ದೋಣಿ ಸಾಕೋದು ಅಂದ್ರೆ ಅದು.

ಇನ್ನು ನಿಮ್ಮ ವಾದಗಳಿಗೆ ಬರ್ತೀನಿ.

‘ಅಸೆಟ್ ಆಗುತ್ತೆ ಕಣೋ.’ ಆಗಲ್ಲ. ಸೈಟು ಅಸೆಟ್. ನಿಮ್ಮಪ್ಪ ಕಷ್ಟಪಟ್ಟು ತಗೊಂಡ ಮೂವತ್ತು-ನಲವತ್ತು ಸೈಟಿನ ಬೆಲೆ ಏರ್ತಾ ಹೋಯ್ತು. ದೋಣಿ ಬೆಲೆ ನೀರಿಗಿಳಿದ ದಿನವೇ ಇಳಿಯೋಕೆ ಶುರು. ಅಮೆರಿಕದಲ್ಲಿ ಹಳೇ ಜೋಕ್ ಇದೆಯಲ್ಲ, ದೋಣಿ ಮಾಲೀಕನಿಗೆ ಖುಷಿಯ ದಿನಗಳು ಎರಡೇ, ಕೊಂಡ ದಿನ ಮತ್ತು ಮಾರಿದ ದಿನ ಅಂತ. ನಿಮಗೆ ಆ ಫೋಟೊ ಕಳಿಸಿದೋನು ಈಗ ಎರಡನೇ ದಿನಕ್ಕೆ ಕಾಯ್ತಿದ್ದಾನೆ.

‘ನಾವು ಬಳಸದಿದ್ದಾಗ ಬಾಡಿಗೆಗೆ ಬಿಡೋಣ.’ ಇದು ಎಲ್ಲಕ್ಕಿಂತ ಅಪಾಯದ ಮಾತು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆ ಮುಗಿಸಿ ಬರ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜನ ಸತ್ತರು, ಅದ್ರಲ್ಲಿ ಮಕ್ಕಳೂ ಇದ್ರು. ನೀರಿನ ಮೇಲೆ ಬೇರೆಯವರ ಮಕ್ಕಳನ್ನ ಕೂರಿಸ್ಕೊಂಡು ಹೋಗೋದು ಸೈಡ್ ಇನ್‌ಕಮ್ ಅಲ್ಲ, ಪೂರ್ತಿ ಕಸುಬು. ಹೊಳೆಯ ಸುಳಿ ಗೊತ್ತಿರಬೇಕು, ‘ಇನ್ನೊಬ್ಬರು ಹತ್ತಬೇಡಿ’ ಅಂತ ಹೇಳೋ ಗಟ್ಟಿತನ ಇರಬೇಕು. ನಾವು ಮೀಟಿಂಗ್‌ನಲ್ಲಿ ಮ್ಯಾನೇಜರ್‌ಗೇ ಇಲ್ಲ ಅನ್ನೋಕೆ ಆಗದೋರು.

‘ಹಂಚ್ಕೊಂಡ್ರೆ ಖರ್ಚು ಕಮ್ಮಿ.’ ಖರ್ಚು ಕಾಲು ಭಾಗ ಆಗಬಹುದು, ಜಗಳ ನಾಲ್ಕು ಪಟ್ಟು. ನಮ್ಮ ನಾಲ್ವರಲ್ಲಿ ಒಬ್ಬನಿಗೆ ಮನೆ ಸಾಲ ಇದೆ. ಇನ್ನೊಬ್ಬ ತನ್ನ ಪಾಲಿಗೆ ಮುರಿಯೋಕೆ ಹೊರಟಿರೋದು ಅಮ್ಮನ ಮೊಣಕಾಲು ಆಪರೇಷನ್‌ಗೆ ಅಂತ ಇಟ್ಟಿದ್ದ ಎಫ್‌ಡಿ. ಯಾರು ಅಂತ ಅವನಿಗೆ ಗೊತ್ತು, ನನಗೂ ಗೊತ್ತು. ಆರು ತಿಂಗಳಾದ ಮೇಲೆ ಅವನು ಕಂತು ಕಟ್ಟೋಕಾಗದೆ ಗ್ರೂಪ್ ಬಿಟ್ಟು ಹೋದ್ರೆ? ಹದಿನೈದು ವರ್ಷದ ಸ್ನೇಹ. ಒಂಬೈನೂರು ರೂಪಾಯಿಗೆ ತಮ್ಮನಂಥ ತಮ್ಮನನ್ನ ಎರಡು ವರ್ಷ ಕಳ್ಕೊಂಡೋನು ನಾನು, ಅದಕ್ಕೇ ಇಷ್ಟು ಜೋರಾಗಿ ಹೇಳ್ತಿರೋದು.

ದುಡ್ಡು ಎಷ್ಟಿದ್ರೂ ನಾನು ಒಪ್ಪದೇ ಇರೋಕೆ ಇನ್ನೊಂದು ಕಾರಣ ಇದೆ. ದಾವಣಗೆರೆಯ ನಲ್ಲಿಗೆ ನೀರು ಎಲ್ಲಿಂದ ಬರುತ್ತೆ? ಹರಿಹರದ ಹತ್ರ ರಾಜನಹಳ್ಳಿಯಲ್ಲಿ ಇದೇ ಹೊಳೆಯಿಂದ ಎತ್ತಿದ ನೀರು. ಭದ್ರಾ ನಾಲೆ ನೀರು ತುಂಬಿಸಿಟ್ಕೊಳ್ಳೋ ಕುಂದುವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳೂ ಕುಡಿಯೋ ನೀರಿನವೇ. ಬೇಸಿಗೆ ಬಂದ್ರೆ ನಲ್ಲಿಗೆ ದಿನ ಎಣಿಸೋ ಊರು ನಮ್ಮದು. ಆ ನೀರಿನ ಮೇಲೆ ಪೆಟ್ರೋಲ್ ಎಂಜಿನ್ ಓಡಿಸಿ ರೀಲ್ಸ್ ಮಾಡಿ, ಮನೆಗೆ ಬಂದು ಅದೇ ನೀರನ್ನ ಫಿಲ್ಟರ್ ಹಾಕಿ ಕುಡಿಯೋದಾ? ಇಷ್ಟು ದುಡ್ಡು ಸುರಿದು ನಾವೇ ನಮ್ಮ ಬಿಂದಿಗೆಗೆ ಎಣ್ಣೆ ಹಾಕ್ಕೊಳ್ಳೋದು ಬೇಡ.

ಹಾಗಾದ್ರೆ ಹೊಳೆ ಮೇಲೆ ಹೋಗೋದೇ ಬೇಡ್ವಾ? ಹೋಗಬೇಕು. ಹೋಗೋಕೆ ದಾರಿ ಹಳೇದಿದೆ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ತುಂಗಭದ್ರೆಯಲ್ಲಿ ಬುಟ್ಟಿಯಂಥ ದುಂಡನೆ ದೋಣಿ ನೋಡಿ ಬರೆದಿದ್ದಾನೆ: ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸ್ತಾರೆ ಅಂತ. ಅದೇ ನಮ್ಮ ಹರಿಗೋಲು, ತೆಪ್ಪ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು. ಹರಿಹರದಿಂದ ಹೊಳೆಗುಂಟ ಕೆಳಗೆ ಹೋದ್ರೆ ರಾಣೆಬೆನ್ನೂರು ತಾಲ್ಲೂಕಿನಲ್ಲಿ ಚೌಡಯ್ಯದಾನಪುರ ಸಿಗುತ್ತೆ, ವಚನಕಾರ ಅಂಬಿಗರ ಚೌಡಯ್ಯನ ಊರು. ದೋಣಿ ನಡೆಸೋ ಕಸುಬನ್ನೇ ಹೆಸರಿನ ಮುಂದೆ ಇಟ್ಕೊಂಡೋರು ಇರೋ ಹೊಳೆ ಇದು. ಇಲ್ಲಿ ‘ಬೋಟ್ ಓನರ್’ ಅಂತ ಬಯೋದಲ್ಲಿ ಹಾಕ್ಕೊಳ್ಳೋಕೆ ನನಗಂತೂ ನಾಚಿಕೆ ಆಗುತ್ತೆ.

ಹೋದ ಭಾನುವಾರ ಹೊಳೆ ದಡದಲ್ಲಿ ತೆಪ್ಪಕ್ಕೆ ಡಾಂಬರು ಬಳೀತಿದ್ದ ಹಿರಿಯರೊಬ್ಬರಿಗೆ ನಿಮ್ಮ ಫೋಟೊ ತೋರಿಸಿದೆ. ಎಂಜಿನ್ ನೋಡಿ ನಕ್ಕರು. ‘ದೋಣಿ ಅಂದ್ರೆ ಎತ್ತು ಇದ್ದಂಗೆ ತಮ್ಮಾ. ಹೂಡಿದ್ರೂ ಮೇವು ಹಾಕ್ಬೇಕು, ಹೂಡದಿದ್ರೂ ಹಾಕ್ಬೇಕು. ಹೊಲ ಇಲ್ದೋನು ಎತ್ತು ಯಾಕೆ ಕಟ್ತಾನೆ?’ ಅಂದ್ರು. ‘ನಿಮಗೆ ಲಾಭ ಇದ್ಯಾ ಅಜ್ಜಾ?’ ಅಂತ ಕೇಳಿದೆ. ‘ಮೀನು ಸಿಕ್ಕ ದಿನ ಐತೆ, ಸಿಗದ ದಿನ ಇಲ್ಲ. ನಿಮ್ಮಂಥೋರು ಹತ್ತಿದ್ರೆ ಸ್ವಲ್ಪ ಐತೆ.’

ನನ್ನ ವಾದ ಅಷ್ಟೇ ಕಣ್ರೋ. ನಾವು ವರ್ಷಕ್ಕೆ ಹತ್ತು ಸಲ ಹತ್ತೋಕೆ ಒಂದು ದೋಣಿಯನ್ನ ಮನೆ ಮುಂದೆ ಕೊಳೆಸೋ ಬದಲು, ಆ ಹತ್ತು ಸಲದ ದುಡ್ಡು ಹೊಳೆ ಗೊತ್ತಿರೋರ ಕೈಗೆ ಹೋಗಲಿ. ಬಾಡಿಗೆಗೆ ಚೌಕಾಸಿ ಮಾಡದೆ ಕೊಡೋಣ. ಇಎಂಐ ಕಟ್ಟೋ ಉಮೇದು ಅಷ್ಟಿದ್ರೆ ಮೊದಲ ತಿಂಗಳ ಕಂತಿನ ದುಡ್ಡಲ್ಲಿ ಒಳ್ಳೇ ಲೈಫ್ ಜಾಕೆಟ್ ತಗೊಳ್ಳೋಣ, ನಮಗೆ ನಾಲ್ಕು, ಅಜ್ಜನಿಗೊಂದು. ದಡದಲ್ಲಿ ಮೆಟ್ಟಿಲು, ಎಚ್ಚರಿಕೆ ಫಲಕ, ಹಗ್ಗ, ಟ್ಯೂಬು ಇಡಿ ಅಂತ ನಗರಸಭೆಗೆ ಅರ್ಜಿ ಬರೆಯೋಣ. ಮೇಲ್ ಡ್ರಾಫ್ಟ್ ಮಾಡೋದು ನಮಗೆ ಬರೋ ಒಂದೇ ಕಸುಬು, ಅದಾದ್ರೂ ಊರಿಗೆ ಉಪಯೋಗ ಆಗಲಿ.

ಆ ಎಫ್‌ಡಿ ಮುರಿಯಬೇಡ. ಅಮ್ಮನ ಆಪರೇಷನ್ ಡೇಟ್ ಫಿಕ್ಸ್ ಮಾಡು.

ಉಳಿದೋರಿಗೆ: ಬರೋ ಭಾನುವಾರ ಬೆಳಿಗ್ಗೆ ಏಳಕ್ಕೆ ಹರಿಹರೇಶ್ವರ ದೇವಸ್ಥಾನದ ಹತ್ರ ಸಿಗಿ. ಹೊಳೆ ಶಾಂತ ಇದ್ರೆ ಮಾತ್ರ ತೆಪ್ಪ ಹತ್ತೋದು, ಇಲ್ಲ ಅಂತ ಅಜ್ಜ ಅಂದ್ರೆ ಇಲ್ಲ. ವಾಪಸ್ ದಾವಣಗೆರೆಗೆ ಬಂದ ಮೇಲೆ ಬೆಣ್ಣೆ ದೋಸೆ ನನ್ನ ಲೆಕ್ಕ. ನನ್ನ ಚಿಕ್ಕಪ್ಪನ ಮಗನೂ ಬರ್ತಿದ್ದಾನೆ. ಅಟ್ಟದಲ್ಲಿರೋ ದೋಣಿ ಯಾರಿಗಾದ್ರೂ ಬೇಕಿದ್ರೆ ಹೇಳಿ, ಪಂಪ್ ಸಮೇತ ಪುಕ್ಕಟೆ ಕೊಡ್ತೀವಿ.