ಕಪಾಟಿಗೆ ಬೀಗ, ಮಕ್ಕಳಿಗೆ ನೀತಿಪಾಠ

ಮಕ್ಕಳಲ್ಲಿ ಹೊಂದಾಣಿಕೆ ಕಡಿಮೆಯಾಗುತ್ತಿದೆ ಎಂದು ನಾವೆಲ್ಲ ಮರುಗುತ್ತೇವೆ. ಭಾವೈಕ್ಯದ ಭಾಷಣ ಸ್ಪರ್ಧೆ, ಒಂದು ಪ್ರತಿಜ್ಞೆ, ಗೋಡೆಯ ಮೇಲೊಂದು ಸುಭಾಷಿತ. ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತು. ಆದರೆ ಆರು ವರ್ಷದ ಮಗು ಸುಭಾಷಿತ ಓದಿ ಪಕ್ಕದವನಿಗೆ ಪೆನ್ಸಿಲ್ ಕೊಡುವುದಿಲ್ಲ. ಅವನ ಮುಖ ಸಪ್ಪಗಾದದ್ದು ಕಂಡರೆ ಕೊಡುತ್ತದೆ. ಹಾಗೆ ಮುಖ ನೋಡುವುದನ್ನು ಕಲಿಸಲು ಒಂದನೇ ಎರಡನೇ ತರಗತಿಯಲ್ಲಿ ಚಿತ್ರಪುಸ್ತಕಕ್ಕಿಂತ ಸುಲಭದ ದಾರಿ ಬೇರೆ ಇಲ್ಲ.

ಪುಸ್ತಕಗಳಿಲ್ಲ ಎಂಬ ನೆಪ ಇನ್ನು ನಡೆಯದು. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡದಲ್ಲೂ ಉರ್ದುವಿನಲ್ಲೂ ಮಕ್ಕಳ ಪುಸ್ತಕ ತಂದಿದೆ. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್, 2015ರಿಂದ 'ಸ್ಟೋರಿವೀವರ್' ತಾಣದಲ್ಲಿ ಎರಡೂ ಭಾಷೆಗಳ ಚಿತ್ರಕಥೆಗಳನ್ನು ಪುಕ್ಕಟೆಯಾಗಿಯೇ ಇಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಯಲ್ಲೂ ಕಥೆಪುಸ್ತಕಗಳಿರುವ ಗ್ರಂಥಾಲಯ ಬೇಕೆನ್ನುತ್ತದೆ. ಕಪಾಟಿನ ಬೀಗದ ಕೈ ಯಾರ ಬಳಿ ಇರಬೇಕೆಂದು ಮಾತ್ರ ಅದು ಹೇಳಿಲ್ಲ! ಹಳೇ ದಾವಣಗೆರೆಯ ಒಂದು ಶಾಲೆಯಲ್ಲಿ ವಿಚಾರಿಸಿದಾಗ ನಮಗೆ ಸಿಕ್ಕ ಉತ್ತರ, "ಮಕ್ಳು ಹರದು ಹಾಕ್ತಾವ್ರೀ". ಹರಿಯಲಿ ಬಿಡಿ. ಹರಿದದ್ದನ್ನು ಇಬ್ಬರು ಮಕ್ಕಳು ಕೂತು ಅಂಟಿಸಿದರೆ ಅದೂ ಪಾಠವೇ. ಹೊಸದಾಗಿ ಉಳಿದರೆ ಗೆದ್ದಲಿಗೆ ಊಟ.

ಬೀಗ ತೆಗೆದ ಕಡೆ ಇನ್ನೊಂದು ರೋಗ. ಕಥೆ ಮುಗಿಯಿತೋ ಇಲ್ಲವೋ, "ಇದರ ನೀತಿ ಏನು?" ಮಕ್ಕಳು ಒಕ್ಕೊರಲಿನಿಂದ "ಸುಳ್ಳು ಹೇಳಬಾರದು" ಎನ್ನುತ್ತಾರೆ. ಕಥೆಯಲ್ಲಿ ಸುಳ್ಳಿನ ಸುದ್ದಿಯೇ ಇಲ್ಲದಿದ್ದರೂ ಅದೇ ಉತ್ತರ. ಇದರ ಬದಲು ಮೇಷ್ಟ್ರು ಅಕ್ಷರಗಳನ್ನು ಕೈಯಿಂದ ಮುಚ್ಚಿ ಚಿತ್ರವನ್ನಷ್ಟೇ ತೋರಿಸಲಿ. ಈ ಹುಡುಗಿ ಯಾಕೆ ದೂರ ನಿಂತಿದ್ದಾಳೆ? ಒಬ್ಬ 'ಸಿಟ್ಟು ಬಂದಿದೆ' ಎನ್ನುತ್ತಾನೆ, ಇನ್ನೊಬ್ಬಳು 'ಆಟಕ್ಕೆ ಸೇರಿಸ್ಕೊಂಡಿಲ್ಲ' ಎನ್ನುತ್ತಾಳೆ. ಒಂದೇ ಚಿತ್ರವನ್ನು ಇನ್ನೊಬ್ಬರು ಬೇರೆಯಾಗಿ ನೋಡಬಲ್ಲರು ಎಂಬುದು ಮಗುವಿಗೆ ಹೊಳೆಯುವುದು ಆಗಲೇ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ 'ನಲಿ-ಕಲಿ' ಮಕ್ಕಳನ್ನು ಗುಂಪಾಗಿ ಕೂರಿಸಿತು. ಆ ಗುಂಪಿನ ನಡುವೆ ಒಂದು ಪುಸ್ತಕ ಇಡಲು ಯಾವ ಆದೇಶ ಬೇಕು?

ಚಿತ್ರದಲ್ಲಿ ಇರುವವರು ಯಾರು ಎಂಬುದೂ ಮುಖ್ಯ. ಅಮೆರಿಕದಲ್ಲಿ 1962ರಲ್ಲಿ ಎಜ್ರಾ ಜ್ಯಾಕ್ ಕೀಟ್ಸ್ 'ದಿ ಸ್ನೋಯಿ ಡೇ' ಪುಸ್ತಕ ಮಾಡಿದರು. ಅದರಲ್ಲಿ ಒಬ್ಬ ಕಪ್ಪು ಹುಡುಗ ಹಿಮದಲ್ಲಿ ಆಡುತ್ತಾನೆ, ಅಷ್ಟೇ. ಬಣ್ಣದ ಬಗ್ಗೆ ಒಂದು ಮಾತೂ ಇಲ್ಲ. ನಮ್ಮಲ್ಲಿ ಮುಸ್ಲಿಂ ಮಗು ಚಿತ್ರಕ್ಕೆ ಬರಬೇಕಾದರೆ ಹಬ್ಬ ಬರಬೇಕು, ತಲೆಗೆ ಟೋಪಿ ಬೇಕು. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಬೆಳೆದ ಹುಡುಗ ಗಾಳಿಪಟ ಹಾರಿಸುವ, ಲೆಕ್ಕ ತಪ್ಪಿ ಅಳುವ ಪುಟ ಎಲ್ಲಿದೆ?

ದೂರು ಸರಕಾರದ ಮೇಲಷ್ಟೇ ಅಲ್ಲ. ನಮ್ಮ ಜನರೇ ನಡೆಸುವ ಶಾಲೆಗಳು ಕಂಪ್ಯೂಟರ್ ಕೋಣೆಗೆ ಚಂದಾ ಎತ್ತುತ್ತವೆ. ಚಿತ್ರಪುಸ್ತಕಕ್ಕೆ ಎತ್ತಿದ್ದು ನಾವು ಕಂಡಿಲ್ಲ. ಉರ್ದು ಶಾಲೆಯ ಮಗು ಪಕ್ಕದ ಕನ್ನಡ ಶಾಲೆಯ ಮಗುವನ್ನು ಆಟದ ಮೈದಾನದಲ್ಲೂ ಭೇಟಿಯಾಗದೆ ಏಳನೇ ತರಗತಿ ಮುಗಿಸುತ್ತದೆ. ಅದು ನಮಗೆ ತಪ್ಪೆಂದೂ ಅನಿಸುವುದಿಲ್ಲ.

2022ರ ಫೆಬ್ರವರಿ 8ರಂದು ಹಿಜಾಬ್ ವಿವಾದದಲ್ಲಿ ಹರಿಹರದ ಕಾಲೇಜಿನ ಎದುರು ಕಲ್ಲು ತೂರಾಟವಾಯಿತು. ದಾವಣಗೆರೆ, ಹರಿಹರ ಎರಡೂ ಕಡೆ ನಿಷೇಧಾಜ್ಞೆ ಬಂತು. ಹರಿಯನ್ನೂ ಹರನನ್ನೂ ಒಂದೇ ಮೂರ್ತಿಯಲ್ಲಿ ಕಂಡ ಊರಲ್ಲವೇ ಅದು! ಒಂದು ಚಿತ್ರಪುಸ್ತಕ ಆ ಕಲ್ಲನ್ನು ತಡೆಯುತ್ತಿತ್ತು ಎಂದು ನಾವು ಹೇಳುವುದಿಲ್ಲ. ಕಲ್ಲಿನ ಹಿಂದೆ ದೊಡ್ಡವರ ರಾಜಕಾರಣವಿರುತ್ತದೆ. ಆದರೆ ಅಂದು ಎದುರುಬದುರು ನಿಂತ ಆ ಹುಡುಗ ಹುಡುಗಿಯರು ಎರಡನೇ ತರಗತಿಯಲ್ಲಿದ್ದಾಗ ಒಂದೇ ಪುಸ್ತಕದ ಮೇಲೆ ಎಂದಾದರೂ ಬಗ್ಗಿದ್ದರೇ?

ಶನಿವಾರದ ಒಂದು ಪೀರಿಯಡ್‌ಗೆ ಹರಿಹರದ ಉರ್ದು ಶಾಲೆ ಮತ್ತು ಕನ್ನಡ ಶಾಲೆಯ ಮಕ್ಕಳನ್ನು ಒಟ್ಟಿಗೆ ಕೂರಿಸಲು ದುಡ್ಡು ಬೇಕಿಲ್ಲ, ಇಬ್ಬರು ಮುಖ್ಯೋಪಾಧ್ಯಾಯರ ಒಪ್ಪಿಗೆ ಸಾಕು. ಇನ್ನು ಪಾಲಕರು, ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಕಾಂಪೌಂಡಿನ ಬಣ್ಣದ ಚರ್ಚೆ ಮುಗಿದ ಮೇಲೆ ಕಪಾಟಿನ ಬೀಗದ ಕೈ ಕೇಳಲಿ.