ನೆಟ್ಟ ಲೆಕ್ಕವಿದೆ, ಉಳಿದ ಲೆಕ್ಕವೆಲ್ಲಿ?

ಮಳೆ ಬಿದ್ದೊಡನೆ ಹೈದರಾಬಾದಿನ ಕುಷಾಯಿಗೂಡದಂತಹ ಬಡಾವಣೆಗಳಲ್ಲಿ ಸಸಿ ನೆಡುವ ಉತ್ಸಾಹ ಉಕ್ಕುತ್ತದೆ. ಬೇಸಿಗೆಯಲ್ಲಿ ನೀರೆರೆಯುವವರು ಯಾರೆಂದು ಕೇಳಿದರೆ ಉತ್ತರ ಸಿಗುವುದು ಅಪರೂಪ.

2015ರ ಜುಲೈನಲ್ಲಿ ಆರಂಭವಾದ ತೆಲಂಗಾಣದ ಹರಿತಹಾರಂ ಯೋಜನೆಯು ಹಸಿರು ಹೊದಿಕೆಯನ್ನು ಶೇ. 24ರಿಂದ 33ಕ್ಕೆ ಏರಿಸಲು 230 ಕೋಟಿ ಸಸಿಗಳ ಗುರಿ ಇಟ್ಟುಕೊಂಡಿತು. ಸಂಖ್ಯೆ ಭವ್ಯವೇ. ಆದರೆ ಖರೀದಿಯನ್ನಷ್ಟೇ ಬರೆದು ದಾಸ್ತಾನನ್ನು ಎಣಿಸದ ವರ್ತಕನ ಖಾತೆಯನ್ನು ಯಾವ ಲೆಕ್ಕಪರಿಶೋಧಕನು ಒಪ್ಪಿಯಾನು? ರಾಜ್ಯದ 2018ರ ಪಂಚಾಯತ್ ರಾಜ್ ಕಾಯ್ದೆಯೇ ನೆಟ್ಟ ಸಸಿಗಳಲ್ಲಿ ಶೇ. 85ರಷ್ಟು ಉಳಿಯಬೇಕೆಂದು ವಿಧಿಸಿದೆ.

ಇತ್ತ ಅದೇ ಹೈದರಾಬಾದಿನ ಕಂಚ ಗಚ್ಚಿಬೌಲಿಯಲ್ಲಿ ಬೆಳೆದು ನಿಂತ ಮರಗಳು ಬುಲ್ಡೋಜರಿಗೆ ಉರುಳಿದವು. 2025ರ ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ತಡೆಯಬೇಕಾಯಿತು. ಮಣ್ಣನ್ನು ಹಿಡಿದಿಡುವುದೂ ಇಂಗಾಲವನ್ನು ಒಡಲಲ್ಲಿ ಇರಿಸಿಕೊಳ್ಳುವುದೂ ಬೇರೂರಿದ ಮರ. ಗುಂಡಿಯಲ್ಲೇ ಒಣಗಿದ ಸಸಿಯಲ್ಲ.

ವನಸ್ಪತಿಕಾಯವನ್ನು ಏಕೇಂದ್ರಿಯ ಜೀವವೆಂದು ನಂಬಿ, ಕಾಡು ಕಡಿಯುವ ವನಕರ್ಮವನ್ನು ಶ್ರಾವಕನಿಗೆ ನಿಷಿದ್ಧವೆಂದ ಸಮಾಜಕ್ಕೆ ಇದು ಪರರ ವಿಷಯವಲ್ಲ. ಚಾತುರ್ಮಾಸದ ನೆನಪಿಗೆಂದು ನೂರು ಸಸಿ ನೆಟ್ಟು ತೊಂಬತ್ತನ್ನು ಬಾಯಾರಿಸಿ ಕೊಂದರೆ ಅದು ದಾನವೋ ಹಿಂಸೆಯೋ? ಬಸದಿಗಳ ಆಡಳಿತ ಮಂಡಳಿಗಳು ವಾರ್ಷಿಕ ಸಭೆಯಲ್ಲಿ ಕಾಣಿಕೆಯ ಲೆಕ್ಕದೊಡನೆ, ಕಳೆದ ವರ್ಷದ ಸಸಿಗಳಲ್ಲಿ ಬದುಕಿದವೆಷ್ಟು ಎಂಬುದನ್ನೂ ಓದಿ ಹೇಳಲಿ. ಹತ್ತನ್ನೇ ನೆಡಲಿ, ಮೂರು ಬೇಸಿಗೆ ನೀರು ಹಾಕುವವನ ಕೂಲಿಯನ್ನು ಮೊದಲೇ ತೆಗೆದಿರಿಸಲಿ.