ಪಾಪ ತುಘಲಕ್... ಅನ್ನೋ ಮೊದಲು

ಮೊನ್ನೆ ಗೆಳೆಯರೊಬ್ಬರು 'ತುಘಲಕ್' ನಾಟಕ ನೋಡಿ ಬಂದು ತಮ್ಮ ಬ್ಲಾಗಿನಲ್ಲಿ ಬರೆದಿದ್ದರು. ಚೆನ್ನಾಗೇ ಬರೆದಿದ್ದರು. ಬೆಳಕು ಸೊಗಸಾಗಿತ್ತು, ಸಂಗೀತ ಸ್ವಲ್ಪ ಜಾಸ್ತಿಯಾಯ್ತು, ದ್ವಿತೀಯಾರ್ಧ ಎಳೆದ ಹಾಗಿತ್ತು ಇತ್ಯಾದಿ. ಕೊನೇ ಪ್ಯಾರಾಕ್ಕೆ ಬಂದಾಗ ಮಾತ್ರ ನನಗೆ ತಲೆ ಬಿಸಿಯಾಯ್ತು. ಪಾಪ, ಕಾಲಕ್ಕಿಂತ ಮುಂದೆ ಹುಟ್ಟಿಬಿಟ್ಟ, ಜನ ಅವನನ್ನ ಅರ್ಥ ಮಾಡಿಕೊಳ್ಳಲಿಲ್ಲ ಅಂತ ಮುಗಿಸಿದ್ದರು. ಕೆಳಗೆ ಸಾಲು ಸಾಲು ಕಾಮೆಂಟು, ಎಲ್ಲರದ್ದೂ 'ಹೌದು ಹೌದು'. ನಾನೂ ಅಲ್ಲೇ ಒಂದು ಕಾಮೆಂಟು ಹಾಕೋಣ ಅಂತ ಶುರು ಮಾಡಿದೆ, ಬರೀತಾ ಬರೀತಾ ಬಾಲ ಬೆಳೀತು. ಅದಕ್ಕೇ ಇಲ್ಲಿ.

ಮೊದಲೇ ಹೇಳಿಬಿಡ್ತೀನಿ, ನನಗೂ ತುಘಲಕ್ ಮೇಲೆ ಕನಿಕರ ಇದೆ. ಕಾಲೇಜಿನಲ್ಲಿ ಮೊದಲ ಸಲ ಓದಿದಾಗಂತೂ ಅವನೇ ನನ್ನ ಹೀರೋ. ನನ್ನ ತಕರಾರು ಕನಿಕರದ ಬಗ್ಗೆ ಅಲ್ಲ, ಅದಕ್ಕೆ ನಾವು ಕೊಡೋ ಕಾರಣದ ಬಗ್ಗೆ.

'ಜನ ಅರ್ಥ ಮಾಡಿಕೊಳ್ಳಲಿಲ್ಲ' ಅನ್ನೋದು ಯಾರ ವಾದ ಹೇಳಿ? ಸ್ವತಃ ತುಘಲಕ್‌ನದು! ಕಟಕಟೆಯಲ್ಲಿ ನಿಂತ ಆಸಾಮಿ ಕೊಟ್ಟ ಹೇಳಿಕೆಯನ್ನೇ ನಾವು ತೀರ್ಪು ಅಂತ ಓದಿ ಮನೆಗೆ ಬರ್ತಾ ಇದ್ದೀವಿ. ಇದರಲ್ಲಿ ಕಾರ್ನಾಡರದ್ದೂ ಸ್ವಲ್ಪ ಪಾಲಿದೆ ಅನ್ನಿ. 1964ರಲ್ಲಿ, ಇಪ್ಪತ್ತಾರರ ಆಸುಪಾಸಿನ ಹುಡುಗ ಬರೆದ ನಾಟಕ ಅದು. ಒಳ್ಳೊಳ್ಳೇ ಮಾತೆಲ್ಲ ಮಹಮ್ಮದನ ಬಾಯಿಗೇ ಕೊಟ್ಟಿದ್ದಾರೆ. ಅವನು ಚದುರಂಗದ ಸಮಸ್ಯೆ ಬಿಡಿಸ್ತಾನೆ, ಕಾವ್ಯ ಓದ್ತಾನೆ, ಗ್ರೀಕರ ಬಗ್ಗೆ ಮಾತಾಡ್ತಾನೆ, ರಾತ್ರಿಯಿಡೀ ನಿದ್ದೆ ಮಾಡಲ್ಲ. ಎದುರಿಗಿರೋ ಅಮೀರರು ಮಾತ್ರ ಮೀಸೆ ಹೊತ್ತ ಮೊದ್ದುಗಳ ಥರ ಕಾಣ್ತಾರೆ. ಪುಸ್ತಕ ಓದೋ ನಮ್ಮಂಥವರು, ಅದರಲ್ಲೂ ಬ್ಲಾಗು ಬರೆದುಕೊಂಡು 'ಯಾರೂ ಓದ್ತಿಲ್ಲವಲ್ಲ' ಅಂತ ಕೊರಗೋ ನಮ್ಮಂಥವರು, ಯಾರ ಪಕ್ಷ ವಹಿಸ್ತೀವಿ ಅಂತ ಬೇರೆ ಹೇಳಬೇಕಾ? :-) ನಮಗೆ ನಾವೇ ಪಾಪ ಅಂದುಕೊಂಡು, ಅದನ್ನ ಸುಲ್ತಾನನ ಹೆಸರಲ್ಲಿ ಬರೆದುಕೊಳ್ತೀವಿ.

ನಿಜಕ್ಕೂ ಜನಕ್ಕೆ ಅರ್ಥ ಆಗಿರಲಿಲ್ವಾ? ಮೊದಲನೇ ದೃಶ್ಯ ನೋಡಿ. ಸುಲ್ತಾನನ ಮೇಲೇ ದಾವೆ ಹೂಡಿ ಒಬ್ಬ ಬ್ರಾಹ್ಮಣ ಗೆಲ್ತಾನೆ, ಪರಿಹಾರವಾಗಿ ಐನೂರು ಬೆಳ್ಳಿ ದೀನಾರು, ಮೇಲೊಂದು ಸರ್ಕಾರಿ ಕೆಲಸ. ಆ ಬ್ರಾಹ್ಮಣ ಯಾರು ಅಂದ್ರೆ ವೇಷ ಹಾಕಿದ ಅಜೀಜ್, ಅಗಸರವನು. ಸುಲ್ತಾನನ ಹೊಸ ನ್ಯಾಯವನ್ನ ಆ ಊರಲ್ಲಿ ಅವನಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಇನ್ಯಾರೂ ಇಲ್ಲ. ತಾಮ್ರದ ನಾಣ್ಯದ ಕಥೆಯೂ ಅಷ್ಟೇ. ತಾಮ್ರಕ್ಕೂ ಬೆಳ್ಳಿಗೂ ಒಂದೇ ಬೆಲೆ ಅಂತ ಅಪ್ಪಣೆಯಾಯ್ತು. ಜನಕ್ಕೆ ತಕ್ಷಣ ಅರ್ಥವಾಯ್ತು, ಮನೆಮನೆಯೂ ಟಂಕಸಾಲೆ ಆಯ್ತು. ಚರಿತ್ರೆಯ ಬರನಿ ಕೂಡ ಇದನ್ನೇ ಹೇಳಿಕೊಂಡು ಗೋಳಾಡಿದ್ದಾನೆ. 'ಕಾಲಕ್ಕಿಂತ ಮುಂದೆ' ಅನ್ನೋದೂ ಪೊಳ್ಳು ಮಾತು. ಚೀನಾದಲ್ಲಿ ಅದಕ್ಕೂ ಮೊದಲೇ ಕಾಗದದ ಹಣ ಓಡಾಡ್ತಿತ್ತು. ಅಲ್ಲಿ ನಕಲು ಮಾಡದ ಹಾಗೆ ಕಾವಲಿತ್ತು, ಇಲ್ಲಿ ಇರಲಿಲ್ಲ. ಕಮ್ಮಾರನೂ ಮಾಡಬಹುದಾದ ನಾಣ್ಯ ಹೊರಡಿಸಿ ಕಮ್ಮಾರ ಮಾಡಿದ ಅಂತ ಬೇಜಾರು ಮಾಡಿಕೊಂಡ್ರೆ ಅದು ಕಾಲದ ತಪ್ಪಾ?

ರಾಜಧಾನಿ ಬದಲಾವಣೆ ಇನ್ನೊಂದು. ನಕ್ಷೆ ಹಾಸಿ ನೋಡಿದ್ರೆ ದೌಲತಾಬಾದು ಸಾಮ್ರಾಜ್ಯದ ನಡುವೆ ಬರತ್ತೆ, ದಕ್ಷಿಣ ಹತ್ತಿರ ಆಗತ್ತೆ, ತರ್ಕ ಸರಿಯಾಗೇ ಇದೆ. ಆದ್ರೆ ದಿಲ್ಲಿಯಿಂದ ಅಲ್ಲಿಗೆ ಸಾವಿರ ಕಿಲೋಮೀಟರಿಗೂ ಮೀರಿದ ದಾರಿ. ನಕ್ಷೆ ನೋಡೋದು ಒಬ್ಬ, ನಡೆಯೋರು ಇನ್ಯಾರೋ. (ಚರಿತ್ರೆಯಲ್ಲಿ ಇಡೀ ದಿಲ್ಲಿ ಖಾಲಿಯಾಯ್ತೋ, ದೊಡ್ಡವರಷ್ಟೇ ಹೋದರೋ ಅನ್ನೋದು ಪಂಡಿತರ ಜಗಳ. ನಾನು ಹೇಳ್ತಿರೋದು ರಂಗದ ಮೇಲಿನ ತುಘಲಕ್ ವಿಷಯ.)

ಇಲ್ಲಿ ನಮ್ಮ ಅಜ್ಜಿ ಬರ್ತಾರೆ.

ಅಜ್ಜಿಯನ್ನ ಒಂದು ಸಲ ಈ ನಾಟಕಕ್ಕೆ ಕರಕೊಂಡು ಹೋಗಿದ್ದೆ. ಯಕ್ಷಗಾನ ಬಿಟ್ಟರೆ ಬೇರೇನೂ ನೋಡಿದವರಲ್ಲ. ದಿಲ್ಲಿಯಿಂದ ಹೊರಟ ಜನರ ಬಿಡಾರದ ದೃಶ್ಯ ಇದೆಯಲ್ಲ, ಅದರಲ್ಲೊಬ್ಬಳು ಹೆಂಗಸು. ಮಗು ಸಾಯ್ತಾ ಇದೆ, ವೈದ್ಯರ ಹತ್ರ ಹೋಗಬೇಕು ಬಿಡಿ ಅಂತ ಬೇಡ್ತಾಳೆ. ಅಧಿಕಾರಿಯಾಗಿರೋ ಅಜೀಜ್ ದುಡ್ಡು ಕೇಳ್ತಾನೆ, ಬಿಡಲ್ಲ. ಆಜಮ್ ಕರಗಿದರೂ ಇವನು ಕರಗಲ್ಲ. ಮುಂದೆ ದೌಲತಾಬಾದಿನಲ್ಲಿ ಅಜೀಜ್ ಖಲೀಫರ ವಂಶದವನ ವೇಷದಲ್ಲಿ ಮೆರವಣಿಗೆ ಬಂದಾಗ ಅದೇ ಹೆಂಗಸು ಗುಂಪಿನಲ್ಲಿ ಅವನನ್ನ ಗುರುತು ಹಿಡಿದು ಕೂಗಿಕೊಳ್ತಾಳೆ. ನಾಟಕ ಮುಗಿದು ಆಟೋ ಹುಡುಕ್ತಾ ಇದ್ದಾಗ ಅಜ್ಜಿ ಕೇಳಿದ್ದು ಒಂದೇ. "ತಮಾ, ಆ ಹೆಂಗ್ಸು ಅಷ್ಟು ಕೂಗಿದ್ಳಲ, ಯಾರೂ ಕೇಳ್ಲೇ ಇಲ್ವನಾ?"

ನಾನು ಸುಲ್ತಾನನ ಒಂಟಿತನದ ಬಗ್ಗೆ ಏನೋ ದೊಡ್ಡ ಮಾತು ಶುರು ಮಾಡಿದ್ದೆ, ಅರ್ಧಕ್ಕೇ ನಿಂತಿತು.

ನಮ್ಮದು ಮುಳುಗಡೆ ಕುಟುಂಬ. ಅರವತ್ತರ ದಶಕದಲ್ಲಿ ಮಲೆನಾಡಿನ ಒಂದು ಅಣೆಕಟ್ಟಿನ ನೀರು ಬರತ್ತೆ ಅಂತ ಮನೆ ಕಿತ್ತು, ಬಾಗಿಲು, ಕಂಬ, ಒಳಕಲ್ಲು ಎಲ್ಲ ಲಾರಿಗೆ ಹೇರಿಕೊಂಡು ಹೊರಟವರು. ಅಜ್ಜಿಯ ಕಂಕುಳಲ್ಲಿ ಆಗ ಎಂಟು ತಿಂಗಳ ಕೂಸು. ಅದು ಹೊಸ ಊರು ನೋಡಿದ್ದು ನಾಲ್ಕೇ ದಿನ. ಇದನ್ನ ಅಜ್ಜಿ ಅವತ್ತು ಆಟೋದಲ್ಲಿ ಹೇಳಿದ್ರು. ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ. ನಾನು, ಬುದ್ಧಿವಂತನಂತೆ, ನಾಡಿಗೆಲ್ಲ ಬೆಳಕು ಬರೋದು ಅವತ್ತು ನಿಮಗೆಲ್ಲ ಅರ್ಥ ಆಗಿರಲಿಕ್ಕಿಲ್ಲ ಅಲ್ವಾ ಅಜ್ಜಿ ಅಂತ ಕೇಳಿದೆ. "ಅರ್ಥ ಆಗ್ದೇ ಇರೂಕೆ ಎಂತ ಇತ್ತು? ಕರೆಂಟು ಬರ್ತು ಅಂತ ಎಲ್ಲರಿಗೂ ಗೊತ್ತಿತ್ತು. ಲಾರಿ ಒಂದಿನ ತಡ ಮಾಡಿ ಅಂದ್ರೆ ಅವ್ರಿಗೆ ಅರ್ಥ ಆಗ್ಲಿಲ್ಲ" ಅಂದ್ರು.

ಅಂದಿನಿಂದ 'ಜನ ಅರ್ಥ ಮಾಡಿಕೊಳ್ಳಲಿಲ್ಲ' ಅನ್ನೋ ಮಾತು ಕೇಳಿದ್ರೆ ನನಗೆ ಮೈ ಉರಿಯತ್ತೆ. ಗೆಳೆಯರು ಕ್ಷಮಿಸಬೇಕು.

ಹಾಗಂತ ಎದುರು ಪಾಳೆಯದವರ ಜೊತೆ ಸೇರಿಕೊಳ್ಳೋಕೂ ನಾನು ತಯಾರಿಲ್ಲ. ಅವರಿಗೆ ತುಘಲಕ್ ಅಂದ್ರೆ ಬರೀ ಹುಚ್ಚ. ನಮ್ಮ ಪೇಪರಿನವರಿಗೆ ಎಲ್ಲದಕ್ಕೂ 'ತುಘಲಕ್ ದರ್ಬಾರು' ಸಿದ್ಧ ಹೆಡ್‌ಲೈನು. 2016ರ ನವೆಂಬರಿನಲ್ಲಿ ನೋಟು ರದ್ದಾದಾಗ ಈ ಹೆಸರು ಎಷ್ಟು ಸಲ ಬಂತು ನೆನಪಿದೆಯಲ್ಲ. ಅವನು ಹುಚ್ಚನಾಗಿದ್ರೆ ಈ ನಾಟಕವೇ ಬೇಡ, ಒಂದು ವ್ಯಂಗ್ಯಚಿತ್ರ ಸಾಕು. ಅನಂತಮೂರ್ತಿಯವರು ಇಂಗ್ಲಿಷ್ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ ಇದನ್ನ ನೆಹರೂ ಯುಗದ ಭ್ರಮನಿರಸನದ ಜೊತೆ ಇಟ್ಟು ನೋಡ್ತಾರೆ. ನೆಹರೂ ತೀರಿಕೊಂಡಿದ್ದೂ ಅದೇ 1964ರಲ್ಲೇ. ಒಳ್ಳೇ ಓದು ಅದು. ಆದ್ರೆ ಅದನ್ನ ಉರು ಹೊಡೆದ ನಮ್ಮ ತಲೆಮಾರು ಕನಸು ಕಂಡವನ ದುಃಖವನ್ನಷ್ಟೇ ಎತ್ತಿಕೊಳ್ತು. ಲಾರಿ ಹತ್ತಿದವರದ್ದು ಅಲ್ಲೇ ಉಳೀತು.

ನನ್ನ ಕನಿಕರ ಶುರುವಾಗೋದು ಬೇರೆ ಕಡೆ. ಶಿಹಾಬುದ್ದೀನನನ್ನ ಅವನು ತನ್ನ ಕೈಯಾರೆ ಇರೀತಾನಲ್ಲ, ಒಂದು ಇರಿತಕ್ಕೆ ನಿಲ್ಲಿಸದೆ ಮತ್ತೆ ಮತ್ತೆ. ಆಗ ಅವನ ಕೈ ಅವನ ಮಾತು ಕೇಳ್ತಿಲ್ಲ. ಆಮೇಲೆ ದೌಲತಾಬಾದಿನ ಕೋಟೆಯ ಮೇಲೆ, ನಡುರಾತ್ರಿ, ಹತ್ತೊಂಬತ್ತರ ಕಾವಲುಗಾರ ಹುಡುಗನ ಹತ್ರ ತನ್ನ ಇಪ್ಪತ್ತೊಂದನೇ ವಯಸ್ಸಿನ ಬಗ್ಗೆ ಮಾತಾಡ್ತಾನೆ. ಅಲ್ಲಿ ನನಗೆ ಗಂಟಲು ಕಟ್ಟತ್ತೆ. ಬರನಿ ಎಲ್ಲ ಬಿಟ್ಟು ಬನ್ನಿ ಅಂತಾನೆ, ಬಿಡೋಕಾಗಲ್ಲ. ಖೋಟಾ ನಾಣ್ಯಕ್ಕೂ ಖಜಾನೆಯಿಂದ ಬೆಲೆ ಕಟ್ಟಿ ಕೊಡ್ತಾನೆ, ಅವನ ಗುಲಾಬಿ ತೋಟ ತಾಮ್ರದ ರಾಶಿಯಾಗತ್ತೆ. ಕೊಟ್ಟ ಮಾತಿಗೆ ಇಷ್ಟು ದುಬಾರಿಯಾಗಿ ಅಂಟಿಕೊಂಡವನೂ ಅವನೇ, ಶೇಖ್ ಇಮಾಮುದ್ದೀನನನ್ನ ತನ್ನ ವೇಷದಲ್ಲಿ ಸಾವಿಗೆ ಕಳಿಸಿದವನೂ ಅವನೇ. ತಾನು ಏನು ಮಾಡಿದೀನಿ ಅಂತ ಅವನಿಗೆ ಗೊತ್ತು. ಗೊತ್ತಿದ್ದೂ ನಿಲ್ಲಿಸೋಕಾಗದವನು ಅವನು. ನನಗೆ ಅವನ ಮೇಲೆ ಕನಿಕರ ಇರೋದು ಇದಕ್ಕೆ.

ಅದಕ್ಕೇ ಕೊನೆಗೆ ಅಜೀಜ್ ಸಿಕ್ಕಿಬಿದ್ದಾಗ ಶಿಕ್ಷೆ ಕೊಡಲ್ಲ, ದಕ್ಷಿಣದ ಸೈನ್ಯದಲ್ಲಿ ಅಧಿಕಾರ ಕೊಟ್ಟು ಕಳಿಸ್ತಾನೆ. ಶಿಕ್ಷೆ ಕೊಟ್ರೆ ತನಗೂ ಕೊಡಬೇಕಾಗತ್ತೆ.

ಇನ್ನು ನಮ್ಮ ನಿರ್ದೇಶಕರಿಗೆ ಎರಡು ಮಾತು. ಅಜೀಜ್-ಆಜಮ್ ಜೋಡಿಯ ಹಿಂದೆ ಪಾರ್ಸಿ ಕಂಪನಿ ನಾಟಕಗಳ ರೂಢಿ ಇದೆ ಅಂತ ಕಾರ್ನಾಡರೇ ಹೇಳಿದ್ದಾರೆ. ಮುಂದೆ ಪರದೆ ಬಿಟ್ಟು ಹಾಸ್ಯ, ಅದರ ಹಿಂದೆ ದರ್ಬಾರ್ ಸೀನಿನ ಜೋಡಣೆ. ಆದ್ರೆ ಇಲ್ಲಿ ಆ ಹಾಸ್ಯದವನು ಪರದೆ ದಾಟಿ ದರ್ಬಾರಿನ ಒಳಗೇ ಬಂದುಬಿಡ್ತಾನೆ. ಅದನ್ನ ಮರೆತು ಅವನನ್ನ ಜೋಕರ್ ಮಾಡಿದ್ರೆ ಬಿಡಾರದ ದೃಶ್ಯದಲ್ಲೂ ಜನ ನಗ್ತಾರೆ. ನಾನು ಇತ್ತೀಚೆಗೆ ನೋಡಿದ ಪ್ರಯೋಗದಲ್ಲಿ ನಕ್ಕರು. ಮಗು ಸಾಯ್ತಿರುವಾಗ! ಮೆರವಣಿಗೆಯಲ್ಲಿ ಅವಳು ಕೂಗೋ ಭಾಗ ಸಮಯ ಉಳಿಸೋಕೆ ಕತ್ತರಿಯಾಗಿತ್ತು. ಹೀಗೆ ಎಲ್ಲ ಸವರಿ ಸುಲ್ತಾನನ ಮೇಲೊಂದೇ ಸ್ಪಾಟ್‌ಲೈಟ್ ಬಿಟ್ರೆ 'ಪಾಪ ತುಘಲಕ್' ಅನ್ನದೆ ಜನ ಇನ್ನೇನು ಅಂತಾರೆ?

ಕೊನೇ ದೃಶ್ಯದಲ್ಲಿ, ಇಷ್ಟು ವರ್ಷ ನಿದ್ದೆ ಇಲ್ಲದವನು ಸಿಂಹಾಸನದಲ್ಲೇ ನಿದ್ದೆ ಹೋಗ್ತಾನೆ. ಪ್ರಾರ್ಥನೆಯ ಕರೆ ಮುಗಿದ ಮೇಲೆ ಕಣ್ಣು ಬಿಟ್ಟು ನೋಡ್ತಾನೆ, ತಾನು ಎಲ್ಲಿದೀನಿ ಅಂತ ಗೊತ್ತಾಗಲ್ಲ. ಅಜ್ಜಿ ಅವತ್ತು ಅದನ್ನ ನೋಡಿ "ಪಾಪ" ಅಂದಿದ್ರು, ನಾನು ಕೇಳಿಸಿಕೊಂಡಿದೀನಿ. ಆಟೋ ಹತ್ತೋ ಮೊದಲು ಕೇಳಿದ್ದು ಮಾತ್ರ ಅವಳ ಬಗ್ಗೆ.

ಗೆಳೆಯರ ಬರಹದಲ್ಲಿ ತುಘಲಕ್, ಬರನಿ, ನಜೀಬ್, ಮಲತಾಯಿ ಎಲ್ಲ ಪಾತ್ರ ಮಾಡಿದವರ ಹೆಸರೂ ಇತ್ತು. ಆ ಹೆಂಗಸಿನ ಪಾತ್ರ ಮಾಡಿದವರದ್ದು ಇರಲಿಲ್ಲ. ಅಜ್ಜಿ ಜೊತೆ ನೋಡಿದ ದಿನದ್ದು ನನಗೂ ನೆನಪಿಲ್ಲ. ಅವತ್ತು ಕೊಟ್ಟ ಕರಪತ್ರ ಯಾವುದೋ ಪುಸ್ತಕದ ಒಳಗಿದೆ, ಹುಡುಕ್ತಾ ಇದ್ದೀನಿ.